ಹುಲಿಗೆ ಸಿಕ್ಕಿದ ಕಾಡು, ಚಿರತೆಗೆ ಸಿಗದ ನೆಲ

ಬಸವೇಶ್ವರನಗರದಿಂದ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ ಸುಮನಹಳ್ಳಿ, ಸುಂಕದಕಟ್ಟೆ, ಬ್ಯಾಡರಹಳ್ಳಿ, ತಾವರೆಕೆರೆಗಳನ್ನು ದಾಟಿ ಮಾಗಡಿಯನ್ನು ಸೇರುತ್ತೇವೆ. ಅದರ ಮಗ್ಗುಲಿಗೇ ಸಾವನದುರ್ಗದ ಹೆಬ್ಬಂಡೆ. ಕೆಂಪೇಗೌಡರ ಸೀಮೆಯೆಂದೋ ರಂಗನಾಥಸ್ವಾಮಿಯ ದರ್ಶನಕ್ಕೆಂದೋ ಈ ದಾರಿಯಲ್ಲಿ ನೀವು ಹೋಗಿ ಬಂದಿರಬಹುದು. ಆದರೆ ಕನ್ನಡ ಓದುವ ಮನೆಗಳಲ್ಲಿ ಈ ದಾರಿಗೆ ಇನ್ನೊಂದು ಖ್ಯಾತಿಯೂ ಉಂಟು. ಬೆಂಗಳೂರಿನಲ್ಲಿಯೇ ಬಾಳಿದ ಬೇಟೆಗಾರ ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಾಗ ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಹೆಸರುಗಳು ಮಕ್ಕಳ ಬಾಯಲ್ಲಿ ಕೂಡ ನಿಂತುಬಿಟ್ಟವು. ಜಾಲಹಳ್ಳಿಯೆಂದರೆ ನಿಮ್ಮ ಬಡಾವಣೆಗೆ ಉತ್ತರದಲ್ಲಿ ನಾಲ್ಕಾರು ಮೈಲಿ. ಮಾಗಡಿ ಎಂದರೆ ನಿಮ್ಮ ಬಸ್ಸಿನ ಹಣೆಯ ಮೇಲೆ ಬರೆದಿರುವ ಊರು.

ಆ ಕಥೆಗಳಲ್ಲಿ ಬರುವ ಪ್ರಾಣಿ ಕಥೆಯೊಂದಿಗೆ ಮುಗಿದುಹೋಗಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ. ಸಂಜಯ ಗುಬ್ಬಿಯವರೂ ಅವರ ಸಂಗಡಿಗರೂ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಾಡುಮೇಡುಗಳಲ್ಲಿ ಕಟ್ಟಿ ನಡೆಸಿದ, 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೆಂಗಳೂರಿನ ಸುತ್ತ ಸುಮಾರು 80ರಿಂದ 85 ಚಿರತೆಗಳಿವೆ. ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ 54. ಉಳಿದವು ತುರಹಳ್ಳಿ, ಬಿ.ಎಂ. ಕಾವಲು, ಸೂಲಿಕೆರೆ, ಹೆಸರಘಟ್ಟ ಮುಂತಾದ ಚೂರುಪಾರು ನೆಲಗಳಲ್ಲಿ. ಹುಲಿಯ ಸಂಗತಿ ಹೀಗಲ್ಲ. ಆಂಡರ್ಸನ್ ತನ್ನ 1954ರ ಮೊದಲ ಪುಸ್ತಕದಲ್ಲಿ ತುಮಕೂರಿನ ಪಕ್ಕದ ದೇವರಾಯನದುರ್ಗದ ಹುಲಿಯೊಂದನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಇಂದು ಹುಲಿಯನ್ನು ಕಾಣಬೇಕಾದರೆ ಬಂಡೀಪುರಕ್ಕೋ ನಾಗರಹೊಳೆಗೋ ಪ್ರಯಾಣ ಮಾಡಬೇಕು. ಅಲ್ಲಿ ಅದು ಹೇಗೆ ಉಳಿಯಿತು, ಇಲ್ಲಿ ಚಿರತೆ ಹೇಗೆ ಉಳಿದಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಅಲ್ಲ. ಆ ವ್ಯತ್ಯಾಸವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಹಳ ಹಿಂದಕ್ಕೆ ಹೋಗಬೇಕಾದದ್ದಿಲ್ಲ. ಹೊಯ್ಸಳ ವಂಶದ ಹೆಸರೇ ಸೊಸೆವೂರಿನಲ್ಲಿ ಸಳನೆಂಬ ತರುಣ ಹುಲಿಯನ್ನು ಹೊಡೆದ ಐತಿಹ್ಯದಿಂದ ಬಂದಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. (ಬೇಲೂರಿನಲ್ಲಿ ಶಿಲ್ಪಿ ಕಡೆದಿರುವ ಪ್ರಾಣಿ ಹುಲಿಗಿಂತ ಸಿಂಹವನ್ನೇ ಹೆಚ್ಚು ಹೋಲುತ್ತದೆ, ಅದು ಬೇರೆ ಮಾತು.) ಹುಲಿಯೊಡನೆ ಕಾದಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ನಾಡಿನಲ್ಲಿ ಅಲ್ಲಲ್ಲಿ ಇವೆ. ಟಿಪ್ಪು ಸುಲ್ತಾನನು ಹುಲಿಯನ್ನು ತನ್ನ ಲಾಂಛನವನ್ನಾಗಿ ಮಾಡಿಕೊಂಡನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೈನಿಕರು ಹೊತ್ತೊಯ್ದ ಅವನ ಮರದ ಹುಲಿ ಈಗಲೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಇವೆಲ್ಲ ಹುಲಿಯನ್ನು ಕಂಡರೆ ನಮ್ಮವರಿಗಿದ್ದ ಭಯವನ್ನೂ ಗೌರವವನ್ನೂ ತೋರಿಸುತ್ತವೆ. ಆದರೆ ಹುಲಿಯ ಕುಲವೇ ಇಲ್ಲವಾಗಬೇಕೆಂದು ಲೆಕ್ಕವಿಟ್ಟು ಕೊಲ್ಲಿಸುವ ಏರ್ಪಾಡು ಬಂದದ್ದು ಮಾತ್ರ ಇಂಗ್ಲಿಷರ ಕಾಲದಲ್ಲಿ.

ಹುಲಿ, ಚಿರತೆ, ತೋಳಗಳನ್ನು ಕೊಂದು ಗುರುತು ತಂದೊಪ್ಪಿಸಿದವರಿಗೆ ಸರಕಾರ ಇನಾಮು ಕೊಡುತ್ತಿತ್ತು. ಕಾಡು ಕಡಿದು ಬೇಸಾಯ ಹರಡಿದರೆ ಕಂದಾಯ ಹೆಚ್ಚುತ್ತದೆ. ಹುಲಿಯಿದ್ದಲ್ಲಿಗೆ ರೈತ ಹೋಗಲಾರ. ಆದುದರಿಂದ ಹುಲಿ ಕಂದಾಯಕ್ಕೆ ಶತ್ರು. ಇದು ಅವರ ತರ್ಕ. ಇತಿಹಾಸಕಾರ ಮಹೇಶ ರಂಗರಾಜನ್ ಅವರು ಹಳೆಯ ದಾಖಲೆಗಳಿಂದ ಕೂಡಿಸಿದ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಇಡೀ ದೇಶದಲ್ಲಿ ಇನಾಮಿಗಾಗಿ ಸತ್ತ ಹುಲಿಗಳು 80,000ಕ್ಕೂ ಹೆಚ್ಚು, ಚಿರತೆಗಳು 1,50,000ಕ್ಕೂ ಹೆಚ್ಚು. ಇಂದು ಭಾರತದಲ್ಲಿರುವ ಹುಲಿಗಳ ಒಟ್ಟು ಸಂಖ್ಯೆಯನ್ನು ಮುಂದೆ ಹೇಳುತ್ತೇನೆ. ಆಗ ಈ ಅಂಕಿಯನ್ನು ಮತ್ತೊಮ್ಮೆ ನೆನೆದುಕೊಳ್ಳಿರಿ.

ವಿಚಿತ್ರವೇನೆಂದರೆ, ಇದು ತಪ್ಪೆಂದು ಅಂದೇ ಬರೆದಿಟ್ಟವನು ನಮ್ಮ ಮೈಸೂರು ಸೀಮೆಯಲ್ಲಿದ್ದ ಒಬ್ಬ ಬೇಟೆಗಾರ. ಜಿ. ಪಿ. ಸ್ಯಾಂಡರ್ಸನ್ ಎಂಬಾತ 1870ರ ದಶಕದಲ್ಲಿ ಚಾಮರಾಜನಗರದ ಬಳಿ ಬೀಡುಬಿಟ್ಟು ಮೈಸೂರು ಸರಕಾರಕ್ಕಾಗಿ ಖೆಡ್ಡಾದಲ್ಲಿ ಆನೆ ಹಿಡಿಸುತ್ತಿದ್ದ ಅಧಿಕಾರಿ. ಹುಲಿಗೆ ಬಲೆ ಕಟ್ಟಿ, ಹಳ್ಳಿಯ ಜನರೆಲ್ಲ ಈಟಿ ಹಿಡಿದು ಸುತ್ತುವರಿಯುವ ನಮ್ಮ ನಾಡಿನ ಬೇಟೆಯನ್ನು ಅವನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಅವನ ಪುಸ್ತಕ ಅಚ್ಚಾದದ್ದು 1878ರಲ್ಲಿ. ಹುಲಿಯ ಹಾವಳಿಯ ಮಾತೆಲ್ಲ ಸೀಮೆಯಲ್ಲಿ ಕುಳಿತವರು ಎಬ್ಬಿಸಿದ ಕೂಗು. ಹೊಲವನ್ನು ಹಾಳುಮಾಡುವ ಜಿಂಕೆ ಹಂದಿಗಳನ್ನು ಹದ್ದಿನಲ್ಲಿಡುವುದು ಹುಲಿಯೇ. ಅದನ್ನು ಸಿಕ್ಕಿದ ಉಪಾಯದಿಂದೆಲ್ಲ ನಿರ್ಮೂಲ ಮಾಡುವುದು ಅವಿವೇಕ ಎಂಬುದು ಅವನ ಅಭಿಪ್ರಾಯದ ಸಾರ. ಅವನ ಮಾತಿಗೆ ಅಂದು ಯಾರೂ ಕಿವಿಗೊಡಲಿಲ್ಲ. ಅವನೂ ಬೇಟೆಯನ್ನು ಬಿಡಲಿಲ್ಲವೆನ್ನಿ.

ಹುಲಿಯೂ ಚಿರತೆಯೂ ಹೇಗೋ ಉಳಿದವು. ಉಳಿಯದೆ ಹೋದದ್ದು ಮೂರನೆಯದು: ಚೀತಾ, ಹಿಂದಿನವರು ಸಿವಂಗಿ ಎಂದು ಕರೆಯುತ್ತಿದ್ದ ಮೃಗ. ಟಿಪ್ಪುವಿನ ಬಳಿ ಬೇಟೆಗೆ ಪಳಗಿಸಿದ ಚೀತಾಗಳಿದ್ದವು. ಈ ಪ್ರಾಣಿ ಸೆರೆಯಲ್ಲಿ ಮರಿ ಹಾಕುವುದು ಬಹಳ ಅಪರೂಪ. ಆದ್ದರಿಂದ ಅರಮನೆಯಲ್ಲಿ ಸಾಕಿದ ಪ್ರತಿಯೊಂದು ಚೀತಾ ಕೂಡ ಬಯಲಿನಿಂದ ಹಿಡಿದು ತಂದದ್ದೇ. ಅದಕ್ಕೆ ಬೇಕಾದದ್ದು ದಟ್ಟಕಾಡಲ್ಲ, ಹುಲ್ಲೆಗಳು ಮೇಯುವ ತೆರಪಾದ ಹುಲ್ಲುಗಾವಲು. ಹುಲ್ಲುಗಾವಲನ್ನು ಉತ್ತು ಹೊಲ ಮಾಡುವುದು ಎಲ್ಲಕ್ಕಿಂತ ಸುಲಭ. ಅದನ್ನು ಪಾಳು ಎಂದು ಕಾಗದದಲ್ಲಿ ಬರೆಯುವುದು ಇನ್ನೂ ಸುಲಭ. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ದೊರೆ ಒಂದೇ ರಾತ್ರಿ ಮೂರು ಚೀತಾಗಳನ್ನು ಹೊಡೆದನು. ಆಮೇಲೆ ನಿಶ್ಚಯವಾಗಿ ಕಂಡವರಿಲ್ಲ. 1952ರಲ್ಲಿ ಅದು ಭಾರತದಿಂದ ಅಳಿದುಹೋಯಿತೆಂದು ಸಾರಲಾಯಿತು. 2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ನಮೀಬಿಯಾದಿಂದ ವಿಮಾನದಲ್ಲಿ ಚೀತಾಗಳನ್ನು ತರಿಸಬೇಕಾಗಿ ಬಂತು.

ಈಗ ಹುಲಿಯ ವಿಷಯಕ್ಕೆ ಬರೋಣ. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೇ ಬೇಟೆಯ ಮೃಗಗಳನ್ನೂ ಮೀನನ್ನೂ ಕಾಪಾಡುವ ಒಂದು ರೆಗ್ಯುಲೇಷನ್ ಜಾರಿಗೆ ಬಂತು. ಇದನ್ನು ಕರುಣೆಯ ಕಾನೂನೆಂದು ತಿಳಿಯಬೇಡಿ. ಅರಮನೆಯ ಬೇಟೆಗೂ ಅರಮನೆಗೆ ಬರುವ ಅತಿಥಿಗಳ ಬೇಟೆಗೂ ಮೃಗ ಮಿಕ್ಕಿರಬೇಕಾದರೆ ಊರವರ ಬೇಟೆಯನ್ನು ತಡೆಯಬೇಕು, ಅಷ್ಟೆ. ವೈಸರಾಯ್ ಬಂದರೆ ಕಾಕನಕೋಟೆಯಲ್ಲಿ ಖೆಡ್ಡಾ, ಜೊತೆಗೆ ಹುಲಿ ಷಿಕಾರಿ. ಹೊಡೆದ ಹುಲಿಯನ್ನು ತುಂಬಿ ನಿಲ್ಲಿಸುವ ಕಸಬಿನಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಕಾರ್ಖಾನೆ ಜಗತ್ಪ್ರಸಿದ್ಧವಾಯಿತು. 20ನೆಯ ಶತಮಾನದ ಆರಂಭದಿಂದ 1999ರಲ್ಲಿ ಬಾಗಿಲು ಹಾಕುವವರೆಗೆ ಆ ಒಂದು ಕಾರ್ಖಾನೆಯಲ್ಲಿ ಹದಮಾಡಿದ ಹುಲಿ ಚಿರತೆಗಳ ಸಂಖ್ಯೆ 43,000ಕ್ಕೂ ಮಿಕ್ಕಿತ್ತೆಂದು ಅದರ ದಾಖಲೆಗಳನ್ನು ಶೋಧಿಸಿದ ಪ್ಯಾಟ್ ಮಾರಿಸ್ ಎಂಬ ವಿದ್ವಾಂಸರು ಬರೆದಿದ್ದಾರೆ. ಎಲ್ಲವೂ ನಮ್ಮ ಕಾಡಿನವಲ್ಲ. ದೇಶದ ನಾನಾ ಸಂಸ್ಥಾನಗಳಿಂದ ಚರ್ಮಗಳು ರೈಲಿನಲ್ಲಿ ಮೈಸೂರಿಗೆ ಬರುತ್ತಿದ್ದವು.

ಹೀಗಿದ್ದರೂ, ಆ ಅರಮನೆಯ ಬೇಟೆಕಾಡೇ ಮುಂದೆ ಹುಲಿಯ ಪಾಲಿಗೆ ಅಭಯಸ್ಥಾನವಾಯಿತು. 1931ರಲ್ಲಿ ಬಂಡೀಪುರದ ಬಳಿ ಸುಮಾರು 90 ಚದರ ಕಿಲೋಮೀಟರು ನೆಲವನ್ನು ಮೃಗಗಳಿಗಾಗಿ ಬಿಡಿಸಿದರು. 1941ರಲ್ಲಿ ಅದನ್ನು 800 ಚದರ ಕಿಲೋಮೀಟರಿಗೂ ಹೆಚ್ಚಾಗಿ ವಿಸ್ತರಿಸಿ, ಹಿಮವದ್ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನ ಎಂದು ಕರೆದರು. ಬೇಟೆಯ ಶೋಕಿ ಇಲ್ಲದಿದ್ದರೆ ಆ ಕಾಡು ತೋಟವೋ ಹೊಲವೋ ಆಗಿ ಎಂದೋ ಹಂಚಿಹೋಗುತ್ತಿತ್ತೆಂಬುದು ನನ್ನ ಎಣಿಕೆ. ಕೊಲ್ಲುವುದಕ್ಕಾಗಿ ಕಾಯ್ದಿಟ್ಟ ಕಾಡು ಕಾಯುವುದಕ್ಕೆ ಒದಗಿತು. ಇನ್ನೊಂದು ಸಂಗತಿ: 1952ರಲ್ಲಿ ಭಾರತ ಸರಕಾರ ಮೊದಲ ಬಾರಿಗೆ ಕೇಂದ್ರ ವನ್ಯಜೀವಿ ಮಂಡಲಿಯನ್ನು ರಚಿಸಿದಾಗ ಅದಕ್ಕೆ ಅಧ್ಯಕ್ಷರಾದವರು ಶ್ರೀ ಜಯಚಾಮರಾಜೇಂದ್ರ ಒಡೆಯರು, ಅದರ ಮೊದಲ ಸಭೆ ಸೇರಿದ್ದು ಮೈಸೂರಿನಲ್ಲಿ. ಸ್ವತಃ ಹೆಸರಾಂತ ಬೇಟೆಗಾರರಾಗಿದ್ದ ದೊರೆಗೆ ಈ ಕೆಲಸ ಬಂದದ್ದು ಆಕಸ್ಮಿಕವಲ್ಲ. ಹುಲಿ ಕಡಿಮೆಯಾಗುತ್ತಿದೆಯೆಂಬುದು ಬೇಟೆಗಾರನಿಗೆ ತಿಳಿದಷ್ಟು ಬೇಗ ಇತರರಿಗೆ ತಿಳಿಯುವಂತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೊದಲ ಇಪ್ಪತ್ತೈದು ವರ್ಷ ಹುಲಿಗೆ ಕಷ್ಟಕಾಲವಾಯಿತು. ಜೀಪು ಬಂತು, ಅದರ ಮೇಲೆ ಕಣ್ಣು ಕೋರೈಸುವ ದೀಪ ಬಂತು, ಬಂದೂಕಿನ ಪರವಾನೆ ಸುಲಭವಾಯಿತು. ಹೊರದೇಶದ ಬೇಟೆಗಾರರನ್ನು ಹಣ ತೆಗೆದುಕೊಂಡು ಕಾಡಿಗೆ ಕರೆದೊಯ್ಯುವ ಸಂಸ್ಥೆಗಳು ಎದ್ದವು. ಇನ್ನೊಂದು ಕಡೆ, ನಾಡು ಹೆಮ್ಮೆಪಟ್ಟ ಅಣೆಕಟ್ಟುಗಳ ನೀರು ಕಣಿವೆಯ ಕಾಡುಗಳನ್ನು ನುಂಗಿತು: 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ, 1974ರಲ್ಲಿ ಕಪಿಲೆಗೆ ಕಬಿನಿಯ ಅಣೆ. ವೈಸರಾಯರುಗಳು ಖೆಡ್ಡಾ ನೋಡಿದ ಕಾಕನಕೋಟೆಯ ನದೀತೀರ ಈಗ ಕಬಿನಿಯ ಹಿನ್ನೀರಿನ ಕೆಳಗಿದೆ. ನಿಮ್ಮ ಮನೆಯ ದೀಪಕ್ಕೆ ಶರಾವತಿಯ ವಿದ್ಯುತ್ತೇ ಬಹುಕಾಲ ಆಧಾರವಾಗಿತ್ತು. ಆದ್ದರಿಂದ ಇದನ್ನು ಇನ್ನೊಬ್ಬರ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. 1963ರಲ್ಲಿ ಮೈಸೂರು ರಾಜ್ಯ ವನ್ಯಮೃಗ ಪಕ್ಷಿಗಳ ಸಂರಕ್ಷಣೆಗೆ ಒಂದು ಕಾಯಿದೆ ಮಾಡಿತು. 1969ರಲ್ಲಿ ದಿಲ್ಲಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಹುಲಿಯ ಅಪಾಯದ ಮಾತು ಬಂತು. 1970ರಲ್ಲಿ ಹುಲಿಬೇಟೆ ದೇಶಾದ್ಯಂತ ನಿಂತಿತು. 1972ರಲ್ಲಿ ಇಡೀ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆ. ಆ ವರ್ಷದ ಗಣತಿಯಲ್ಲಿ ಭಾರತದ ಹುಲಿಗಳು 1,827 ಎಂದು ಎಣಿಸಿದರು. ಬಂಡೀಪುರದಲ್ಲಿ 12.

1973ರ ಏಪ್ರಿಲ್ ಒಂದರಂದು ಹುಲಿ ಯೋಜನೆ ಆರಂಭವಾಯಿತು. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅಲ್ಲಿ ಮಾಡಿದ ಕೆಲಸದಲ್ಲಿ ಮಂತ್ರವಾದವೇನೂ ಇಲ್ಲ: ಮರ ಕಡಿಯುವುದನ್ನು ನಿಲ್ಲಿಸಿದರು, ದನ ಮೇಯಿಸುವುದನ್ನು ತಡೆದರು, ಬೆಂಕಿ ಬೀಳದಂತೆ ಕಾದರು, ರಾತ್ರಿಯ ಗಸ್ತು ನಡೆಸಿದರು. ಹುಲ್ಲು ಬೆಳೆಯಿತು, ಜಿಂಕೆ ಕಾಟಿಗಳು ಹೆಚ್ಚಿದವು, ಅವುಗಳ ಹಿಂದೆ ಹುಲಿ ಹೆಚ್ಚಿತು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಮೃಗಗಳ ಆಹಾರ ಬೇಕು. ವರ್ಷವರ್ಷವೂ ಅಷ್ಟು ಸಿಗಬೇಕಾದರೆ ಆ ಹುಲಿಯ ನೆಲದಲ್ಲಿ 500 ಮೃಗಗಳಾದರೂ ಇರಬೇಕು. ಈ ಲೆಕ್ಕವನ್ನು ನಾಗರಹೊಳೆಯಲ್ಲಿ ಕುಳಿತು ತೋರಿಸಿಕೊಟ್ಟವರು ಡಾ. ಉಲ್ಲಾಸ ಕಾರಂತರು. 1990ರ ಸುಮಾರಿಗೆ ಅವರು ಹುಲಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅವುಗಳ ಸಂಚಾರವನ್ನು ಹಿಂಬಾಲಿಸಿದರು. ನೀವು ಗೀತೆಯನ್ನೂ ವಾರ್ತೆಯನ್ನೂ ಕೇಳುವ ಅದೇ ತರಂಗವಿದ್ಯೆ ಕಾಡಿನಲ್ಲಿ ಹುಲಿಯ ಇರವನ್ನು ಟಿಕ್ ಟಿಕ್ ಎಂದು ಹೇಳುತ್ತಿತ್ತು. ಮುಂದೆ ಕ್ಯಾಮೆರಾಗಳಿಂದ ಹುಲಿಯ ಪಟ್ಟೆಗಳ ಚಿತ್ರ ತೆಗೆದು, ಒಂದರ ಪಟ್ಟೆ ಇನ್ನೊಂದಕ್ಕಿರುವುದಿಲ್ಲವಾದ್ದರಿಂದ, ಹೆಜ್ಜೆಗುರುತಿನ ಅಂದಾಜನ್ನು ಬಿಟ್ಟು ಎಣಿಸುವ ಕ್ರಮವನ್ನು ತಂದರು. ವಿಜ್ಞಾನಕ್ಕಿಂತ ಮೊದಲು ಕಾವಲು ಬೇಕಾಗಿತ್ತು. ಅದಕ್ಕಾಗಿ ದುಡಿದವರಲ್ಲಿ ನಾಗರಹೊಳೆಯ ರೇಂಜರಾಗಿದ್ದ ಕೊಡಗಿನ ಕೆ. ಎಂ. ಚಿಣ್ಣಪ್ಪನವರನ್ನು ಹೆಸರಿಸಲೇಬೇಕು. ಅವರು 2024ರಲ್ಲಿ ತೀರಿಕೊಂಡರು.

ಫಲವೇನಾಯಿತು? 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಕರ್ನಾಟಕದಲ್ಲಿ ಒಟ್ಟು 563. ಇಡೀ ಭಾರತದಲ್ಲಿ ಅಂದಾಜು 3,682. ಹಿಂದೆ ಹೇಳಿದ 80,000ವನ್ನು ಈಗ ಇದರ ಪಕ್ಕದಲ್ಲಿಡಿ.

ಈ ಫಲಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನೂ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ನಾಗರಹೊಳೆಯಿಂದ ಹೊರಬಂದ ಜೇನುಕುರುಬರು ತಮ್ಮ ಹಾಡಿಗಳನ್ನು ಮರೆತಿಲ್ಲ. 2025ರಲ್ಲಿ ಕೆಲವು ಕುಟುಂಬಗಳು ಕರಡಿಕಲ್ಲಿಗೆ ಮರಳಿ ಹೋಗಿ ಹಕ್ಕು ಕೇಳಿದವು. ಭದ್ರಾ ಕಾಡಿನಿಂದ 2001–02ರಲ್ಲಿ 400ಕ್ಕಿಂತ ಹೆಚ್ಚು ಕುಟುಂಬಗಳನ್ನು ಸ್ಥಳಾಂತರಿಸಿದ್ದು, ಕೊಟ್ಟ ಮಾತಿನಂತೆ ನೀರಾವರಿ ಜಮೀನು ಸಿಕ್ಕಿದ್ದರಿಂದ, ಮಾದರಿ ಎನಿಸಿತು. ಎಲ್ಲ ಕಡೆಯೂ ಹಾಗಾಗಲಿಲ್ಲ. ಕಾಡಂಚಿನ ಬಡವನಿಗೆ ಹುಲಿಯೆಂದರೆ ಕೊಟ್ಟಿಗೆಯಿಂದ ಹೋದ ಹಸು. ನಮ್ಮ ಗೋವಿನ ಹಾಡಿನಲ್ಲಿ ಹಸುವಿನ ಸತ್ಯಕ್ಕೆ ನಾಚಿ ಪ್ರಾಣ ಬಿಟ್ಟದ್ದು ಹುಲಿ. ಆದರೆ 2025ರ ಜೂನ್ 26ರಂದು ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದರೆಂಬ ಆರೋಪದ ಮೇಲೆ ಊರವರನ್ನು ಹಿಡಿದರು. ಕಳ್ಳಬೇಟೆಗಾರನ ಬಂದೂಕಿಗೆ ಕಾವಲುಗಾರನಿದ್ದಾನೆ. ಹಸು ಕಳೆದುಕೊಂಡವನ ಸಿಟ್ಟಿಗೆ, ಪರಿಹಾರದ ಹಣ ಬೇಗ ಕೈಸೇರುವುದನ್ನು ಬಿಟ್ಟರೆ, ಬೇರೆ ಮದ್ದು ನನಗಂತೂ ಕಾಣದು.

ಇದಿಷ್ಟು ಹುಲಿಯ ಕಥೆ. ಕೋವಿಯನ್ನು ನಿಲ್ಲಿಸಿದ ಕಾನೂನು ಮುಖ್ಯವೇ ಸರಿ, ಆದರೆ ಅದಕ್ಕಿಂತ ಮುಖ್ಯವಾದದ್ದು ನೆಲ. ಇಲ್ಲಿಂದ ಇಲ್ಲಿಯವರೆಗೆ ನಿನ್ನದು ಎಂದು ಹುಲಿಗೆ ಬರೆದುಕೊಟ್ಟ ನೆಲವಿತ್ತು. ಆದ್ದರಿಂದ ಅದು ಉಳಿಯಿತು. ಚಿರತೆಗೂ ಇಂದು ಕಾನೂನಿನ ರಕ್ಷೆ ಹುಲಿಯಷ್ಟೇ ಇದೆ. ಆದರೆ ಅದಕ್ಕೆಂದೇ ಬರೆದುಕೊಟ್ಟ ನೆಲ ಬಹಳ ಕಡಿಮೆ. 2022ರಲ್ಲಿ ಹುಲಿಗಣತಿಯ ಜೊತೆಗೆ ಎಣಿಸಿದಾಗ ಕರ್ನಾಟಕದಲ್ಲಿ 1,879 ಚಿರತೆಗಳೆಂಬ ಅಂದಾಜು ದೊರೆಯಿತು. ಅವುಗಳಲ್ಲಿ ಎಷ್ಟೋ ಅಭಯಾರಣ್ಯದ ಗೆರೆಯ ಹೊರಗೆ, ಕಲ್ಲುಗುಡ್ಡಗಳಲ್ಲಿ, ಕುರುಚಲಲ್ಲಿ, ಕಬ್ಬಿನ ಗದ್ದೆಗಳಲ್ಲಿ ಬದುಕುತ್ತಿವೆ. ನಮ್ಮ ಹಳ್ಳಿಗರು ಕಿರುಬ ಎಂದು ಕರೆಯುವ ಈ ಮೃಗಕ್ಕೆ ಮೊಲವೂ ಸರಿ, ನಾಯಿಯೂ ಸರಿ, ಕೋಳಿಯೂ ಸರಿ. ಯಾರಿಗೂ ಕಾಣದಂತೆ ಹಗಲಿಡೀ ಬಂಡೆಯ ಸಂದಿಯಲ್ಲಿ ಮಲಗಿರಬಲ್ಲದು. ಅದು ಉಳಿದಿರುವುದು ನಮ್ಮ ದಯೆಯಿಂದಲ್ಲ, ತನ್ನ ಜಾಣತನದಿಂದ.

ಆ ಜಾಣತನಕ್ಕೂ ಮಿತಿಯಿದೆ. ರಾಮನಗರ ಮಾಗಡಿಗಳ ಗುಡ್ಡಗಳು ಕಲ್ಲುಗಣಿಗಳಾಗಿ ಜಲ್ಲಿಯ ರೂಪದಲ್ಲಿ ಬೆಂಗಳೂರಿನ ಗೋಡೆಗಳನ್ನು ಸೇರಿವೆ. ಕಾಡುಹಂದಿಗೆಂದು ಬೇಲಿಯಲ್ಲಿ ಕಟ್ಟುವ ತಂತಿಯ ಉರುಳಿಗೆ (ಬೈಕಿನ ಕ್ಲಚ್ ತಂತಿಯನ್ನೂ ಇದಕ್ಕೆ ಬಳಸುತ್ತಾರೆ) ಚಿರತೆ ಸಿಕ್ಕಿ ನರಳುವುದು ಪತ್ರಿಕೆಗಳಲ್ಲಿ ಆಗಾಗ ಬರುವ ಸುದ್ದಿ. ಉರುಳು ಕಟ್ಟಿದವನಿಗೆ ಚಿರತೆಯ ಮೇಲೆ ದ್ವೇಷವಿರಬೇಕಾದ್ದಿಲ್ಲ. ತಂತಿ ಹಂದಿಯೋ ಚಿರತೆಯೋ ಎಂದು ನೋಡುವುದಿಲ್ಲ.

ಇತ್ತ ಮನುಷ್ಯರ ದುಃಖವನ್ನೂ ಮರೆಮಾಚುವಂತಿಲ್ಲ. 2020ರ ಮೇ ತಿಂಗಳಲ್ಲಿ ಇದೇ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ಮೂರು ವರ್ಷದ ಒಂದು ಮಗುವನ್ನು ಮನೆಯಿಂದ ಎತ್ತಿಕೊಂಡು ಹೋಯಿತು. ಅದೇ ತಿಂಗಳು ಒಬ್ಬ ವೃದ್ಧೆಯನ್ನೂ ಕೊಂದಿತು. 2024ರ ನವೆಂಬರಿನಲ್ಲಿ ನೆಲಮಂಗಲದ ಕಡೆ ಹುಲ್ಲು ತರಲು ಹೋದ ಹೆಣ್ಣುಮಗಳೊಬ್ಬಳು ಬಲಿಯಾದಳು. ಇಂಥ ಊರಿನವರಿಗೆ ವನ್ಯಜೀವಿಯ ಮಹತ್ವವನ್ನು ಬೋಧಿಸಲು ಬಸವೇಶ್ವರನಗರದವರಿಗಾಗಲಿ ನನಗಾಗಲಿ ಬಾಯಿಲ್ಲ. ಬೋನಿಡಿ, ಹಿಡಿದು ಒಯ್ಯಿರಿ ಎಂದು ಅವರು ಕೇಳುವುದು ಸಹಜ.

ಆದರೆ ಹಿಡಿದು ಒಯ್ದ ಮೇಲೆ ಏನಾಗುತ್ತದೆ? ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ 2001ರಿಂದ ಮೂರು ವರ್ಷ ಹೀಗೆಯೇ ಕಬ್ಬಿನ ಗದ್ದೆಯ ಚಿರತೆಗಳನ್ನು ಹಿಡಿಹಿಡಿದು ದೂರದ ಕಾಡಿಗೆ ಬಿಟ್ಟರು. ವಿದ್ಯಾ ಅತ್ರೇಯರೂ ಅವರ ಸಂಗಡಿಗರೂ ಪರಿಶೀಲಿಸಿದಾಗ ಕಂಡದ್ದು, ಮನುಷ್ಯರ ಮೇಲಿನ ಆಕ್ರಮಣ ಕಡಿಮೆಯಾಗುವುದರ ಬದಲು ಹೆಚ್ಚಿದ್ದು. ನೆಲೆ ತಪ್ಪಿದ ಪ್ರಾಣಿ ಗುರುತಿಲ್ಲದ ಊರುಗಳ ನಡುವೆ ಅಲೆಯುತ್ತದೆ. ಅದು ಬಿಟ್ಟುಹೋದ ನೆಲಕ್ಕೆ ಬೇರೊಂದು ಚಿರತೆ ಬಂದು ಕೂರುತ್ತದೆ. 2023ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಸಿಂಗಸಂದ್ರ, ಕೂಡ್ಲು ಬಡಾವಣೆಗಳಲ್ಲಿ ಕಾಣಿಸಿಕೊಂಡ ಚಿರತೆಯನ್ನು ಹಿಡಿಯುವ ಗಡಿಬಿಡಿಯಲ್ಲಿ ಅದು ಅರಣ್ಯಖಾತೆಯವರ ಮೇಲೆ ಎರಗಿ, ಗುಂಡು ತಗುಲಿ, ನವೆಂಬರ್ ಒಂದರಂದು ಸತ್ತಿತು. ನೂರಾರು ಜನ ನೆರೆದು ಕೂಗಾಡುವ ಜಾಗದಲ್ಲಿ ಅದಕ್ಕಾಗಲಿ ಅರವಳಿಕೆ ಕೊಡುವ ವೈದ್ಯರಿಗಾಗಲಿ ಸಮಾಧಾನ ಹೇಗೆ ಬಂದೀತು?

ಈಗ ಉಳಿದಿರುವುದು ಆ ಚೂರುಪಾರು ನೆಲಗಳ ಪ್ರಶ್ನೆ. ಬಿ.ಎಂ. ಕಾವಲು ಎಂದರೆ ಬಡಮನವರ್ತೆ ಕಾವಲು, ಯು.ಎಂ. ಕಾವಲು ಎಂದರೆ ಉತ್ತರಹಳ್ಳಿ ಮನವರ್ತೆ ಕಾವಲು. ಹೆಸರೇ ಹೇಳುವಂತೆ ಇವು ಹಿಂದೆ ದನಗಳ ಮೇವಿಗೆ ಕಾಯ್ದಿಟ್ಟ ನೆಲಗಳು. ಕೆಂಗೇರಿ ಕನಕಪುರ ರಸ್ತೆಗಳ ನಡುವೆ ಸೈಟುಗಳು ಏಳುತ್ತಿರುವ ವೇಗಕ್ಕೆ ಅವು ತೆರಪಿನ ತುಣುಕುಗಳಂತೆ ಉಳಿದಿವೆ. ದೊಡ್ಡ ಆಲದ ಮರ ನೋಡಲು ಹೋಗುವಾಗ ನೀವು ಹಾದುಹೋಗುವ ಸೂಲಿಕೆರೆಯ ಕಾಡೂ ಅಂಥದ್ದೇ. 2021ರಲ್ಲಿ ತುರಹಳ್ಳಿಯ ಕಾಡನ್ನು ಬೇಲಿ ಹಾಕಿದ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ನಾಗರಿಕರು ಅಲ್ಲಿಗೇ ಹೋಗಿ ನಿಂತು ಬೇಡವೆಂದರು, ಯೋಜನೆ ನಿಂತಿತು. ಹೆಸರಘಟ್ಟದ ಹುಲ್ಲುಗಾವಲಿನ ಐದು ಸಾವಿರಕ್ಕೂ ಹೆಚ್ಚು ಎಕರೆಗಳನ್ನು ಸಂರಕ್ಷಿತ ಮೀಸಲು ಮಾಡಲು, ಹಲವು ವರ್ಷಗಳ ಎಳೆದಾಟದ ನಂತರ, 2024ರಲ್ಲಿ ರಾಜ್ಯ ವನ್ಯಜೀವಿ ಮಂಡಲಿ ಒಪ್ಪಿತು. ಚೀತಾ ಓಡಾಡಿದಂಥ ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬರೆಯದೆ ಬಿಟ್ಟದ್ದು ಬೆಂಗಳೂರಿನ ಮಟ್ಟಿಗೆ ಹೊಸ ಸಂಗತಿಯೇ.

ಮಾಗಡಿ ರಸ್ತೆಯ ಕಡೆ ಚಿರತೆ ಕಂಡಿತೆಂಬ ಸುದ್ದಿ ಬಂದರೆ ಅರಣ್ಯಖಾತೆಯವರು ಹೇಳುವುದು ಹೆಚ್ಚೇನಲ್ಲ. ಕತ್ತಲಾದ ಮೇಲೆ ಚಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನೇ ಹೊರಗೆ ಬಿಡಬೇಡಿ. ಕೋಳಿ ಅಂಗಡಿಯ ಕಸವನ್ನು ಖಾಲಿ ಸೈಟಿನಲ್ಲಿ ಸುರಿಯಬೇಡಿ, ಅದು ಬೀದಿನಾಯಿಗಳನ್ನು ಕರೆಯುತ್ತದೆ, ನಾಯಿಗಳು ಚಿರತೆಯನ್ನು ಕರೆಯುತ್ತವೆ. ಅದು ಕಂಡರೆ ಗುಂಪು ಕಟ್ಟಿ ಬೆನ್ನಟ್ಟಬೇಡಿ, ದಾರಿ ಬಿಡಿ. ಮುಂಜಾವಿಗೆ ಮುಂಚೆ ಅದು ತಾನಾಗಿಯೇ ಗುಡ್ಡಕ್ಕೆ ಮರಳುತ್ತದೆ, ಮರಳುವುದಕ್ಕೆ ಗುಡ್ಡ ಉಳಿದಿದ್ದರೆ.